ಆಟದ ಗಣಕಯಂತ್ರ: ಸ್ಥಾವರವೋ, ಜಂಗಮವೋ?

ಇಲ್ಲದ ವಸ್ತುವನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಇವೆರಡನ್ನೂ ಕೂಡಿಸಿ ಯೋಗಕ್ಷೇಮವೆಂದು ಹಿರಿಯರು ಹೇಳಿದರು. ಯಂತ್ರಗಳನ್ನು ಕೊಳ್ಳುವಾಗ ಗೃಹಸ್ಥರು ಯೋಗವನ್ನೇ ಚಿಂತಿಸಿ ಕ್ಷೇಮವನ್ನು ಮರೆಯುವುದುಂಟು. ಮಕ್ಕಳು ಬೇಡುವ ಆಟದ ಗಣಕಯಂತ್ರದ ವಿಷಯದಲ್ಲಂತೂ ಈ ಮರೆವು ಬಹಳ ದುಬಾರಿಯಾಗುವುದು.

ದ್ವಿತೀಯ ಪಿ.ಯು.ಸಿ. ಮುಗಿಯಿತೆಂದರೆ ಅನೇಕ ಮನೆಗಳಲ್ಲಿ ಈ ಪ್ರಶ್ನೆಯು ಹುಟ್ಟುತ್ತದೆ. ಮಗನೋ ಮಗಳೋ ಇಂಜಿನಿಯರಿಂಗ್ ವಿದ್ಯಾಭ್ಯಾಸಕ್ಕೆ ಹೊರಡುವರು. ಪಾಠಕ್ಕೂ ಆಗಬೇಕು, ಬಿಡುವಿನಲ್ಲಿ ಆಟಕ್ಕೂ ಆಗಬೇಕು, ಅಂತಹ ಯಂತ್ರವೊಂದು ಬೇಕೆಂದು ಕೇಳುವರು. ತಂದೆಯ ಕೈಯಲ್ಲಿರುವುದು ಎಪ್ಪತ್ತು ಎಂಬತ್ತು ಸಾವಿರ ರೂಪಾಯಿ. ಅದೂ ಚೀಟಿಯನ್ನು ಎತ್ತಿಯೋ ಕಂತಿನ ಸಾಲವನ್ನು ಮಾಡಿಯೋ ಒದಗಿಸಿದುದು. ಇನ್ನು ನಾಲ್ಕು ವರ್ಷ ಮತ್ತೊಂದನ್ನು ಕೊಳ್ಳುವ ಶಕ್ತಿಯಿಲ್ಲ. ಆಟವೇ ಕೂಡದೆಂದು ವಾದಿಸಲು ನಾವು ಇಲ್ಲಿ ಹೊರಟಿಲ್ಲ. ಆಟಕ್ಕೆ ಬೇಕಾದ ಶಕ್ತಿಯೇ ಯಂತ್ರಗಳ ನಕ್ಷೆಯನ್ನು ರಚಿಸುವುದಕ್ಕೂ ಚಲಚ್ಚಿತ್ರವನ್ನು ಸಂಕಲನ ಮಾಡುವುದಕ್ಕೂ ಒದಗುವುದಾದುದರಿಂದ ಮಕ್ಕಳ ಬೇಡಿಕೆಯು ಕೇವಲ ಚಾಪಲ್ಯವಲ್ಲ. ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ಮೇಜಿನ ಮೇಲೆ ನೆಲೆನಿಲ್ಲುವ ಡೆಸ್ಕ್‌ಟಾಪ್ ಎಂಬ ಸ್ಥಾವರವನ್ನೋ, ಚೀಲದಲ್ಲಿ ಸಂಚರಿಸುವ ಲ್ಯಾಪ್‌ಟಾಪ್ ಎಂಬ ಜಂಗಮವನ್ನೋ? ವಿಚಾರಿಸತಕ್ಕ ವಿಷಯವು ಇಷ್ಟೆ.

ಮೊದಲು ಹೆಸರಿನ ಮೋಹವನ್ನು ಬಿಡಬೇಕು. ಆಟದ ಯಂತ್ರಕ್ಕೆ ಪ್ರಾಣಪ್ರಾಯವಾದುದು ಚಿತ್ರಗಳನ್ನು ಕ್ಷಣಕ್ಷಣಕ್ಕೂ ರಚಿಸಿಕೊಡುವ ಗ್ರಾಫಿಕ್ಸ್ ಭಾಗ. ಅಂಗಡಿಯವರು ಅದರ ಹೆಸರನ್ನೂ ಸಂಖ್ಯೆಯನ್ನೂ ಹೇಳಿ, ಎರಡು ಬಗೆಯ ಯಂತ್ರಗಳಲ್ಲಿಯೂ ಇರುವುದು ಒಂದೇ ಎನ್ನುವರು. ಸಂಸ್ಕೃತದಲ್ಲಿ 'ಹರಿ' ಎಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಕಪಿಯೂ ಹೌದು. ಈ ಸಂಖ್ಯೆಗಳೂ ಅಂತಹ ನಾನಾರ್ಥ ಶಬ್ದಗಳೇ. ಎನ್‌ವಿಡಿಯಾ ಸಂಸ್ಥೆಯು 2023ರಲ್ಲಿ ಮಾರುಕಟ್ಟೆಗೆ ತಂದ ಆರ್‌ಟಿಎಕ್ಸ್ 4070 ಎಂಬುದನ್ನೇ ನೋಡೋಣ. ಡೆಸ್ಕ್‌ಟಾಪಿನ 4070ರಲ್ಲಿ 5888 ಗಣನಾಂಗಗಳೂ 12 ಜಿ.ಬಿ. ಸ್ಮೃತಿಯೂ ಇವೆ, ಅದು 200 ವ್ಯಾಟ್ ವಿದ್ಯುತ್ತನ್ನು ಸೆಳೆಯಬಲ್ಲುದು. ಲ್ಯಾಪ್‌ಟಾಪಿನ 4070ರಲ್ಲಿ ಗಣನಾಂಗಗಳು 4608, ಸ್ಮೃತಿ 8 ಜಿ.ಬಿ. ಮಾತ್ರ. ಅದಕ್ಕೆ ದೊರೆಯುವ ವಿದ್ಯುತ್ತಾದರೋ, ಲ್ಯಾಪ್‌ಟಾಪನ್ನು ತಯಾರಿಸಿದವರು ನಿಗದಿಪಡಿಸಿದಂತೆ, 35 ವ್ಯಾಟ್‌ಗಳಿಂದ 115 ವ್ಯಾಟ್‌ಗಳವರೆಗೆ ಇರುವುದು. ಆದುದರಿಂದ ಒಂದೇ ಹೆಸರಿನ ಎರಡು ಲ್ಯಾಪ್‌ಟಾಪುಗಳು ಕೂಡ ತಮ್ಮೊಳಗೆ ಸಮಾನವಲ್ಲ. ಹಿಂದೆ ಲ್ಯಾಪ್‌ಟಾಪಿನ ಭಾಗಕ್ಕೆ ಸಾಮಾನ್ಯವಾಗಿ 'ಎಂ' ಎಂಬ ಅಕ್ಷರವನ್ನು ಸೇರಿಸಿ ಭೇದವನ್ನು ತೋರಿಸುತ್ತಿದ್ದರು. 2016ರಿಂದ ಆ ಪದ್ಧತಿಯು ಹೋಯಿತು. ಲ್ಯಾಪ್‌ಟಾಪನ್ನು ಕೊಳ್ಳುವವರು ಹೆಸರಿನೊಡನೆ 'ಎಷ್ಟು ವ್ಯಾಟ್?' ಎಂದು ಕೇಳತಕ್ಕದ್ದು. ಉತ್ತರ ಕೊಡಲಾರದ ಅಂಗಡಿಯಲ್ಲಿ ಹಣವನ್ನು ಬಿಚ್ಚಬಾರದು.

ಈ ಭೇದಕ್ಕೆ ಕಾರಣವು ಶಾಖ. ಸೆಳೆದ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿ ಹೊರಬೀಳಬೇಕು. ಡೆಸ್ಕ್‌ಟಾಪಿನ ಪೆಟ್ಟಿಗೆಯು ಹಜಾರವುಳ್ಳ ಮನೆಯಂತೆ. ಗಾಳಿಯು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವುದು. ಲ್ಯಾಪ್‌ಟಾಪಾದರೋ ಎರಡು ಬೆರಳಿನಷ್ಟು ದಪ್ಪದ ಇಕ್ಕಟ್ಟಿನ ಕೋಣೆ. ಶಾಖವು 95ರಿಂದ 100 ಡಿಗ್ರಿಗಳ ಸಮೀಪಕ್ಕೆ ಬಂದರೆ ಯಂತ್ರವು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ, ಅದರಲ್ಲಿಯೂ ಹಾಸಿಗೆಯ ಮೇಲಿಟ್ಟು ಆಡುವ ಮಕ್ಕಳ ಕೈಯಲ್ಲಿ, ಹೀಗಾಗುವುದು ಸುಲಭ. ಕೆಳಗಿನ ಗಾಳಿಯ ದಾರಿಯನ್ನು ಹಾಸಿಗೆಯು ಮುಚ್ಚಿಬಿಡುವುದಷ್ಟೆ.

ಹಾಗಾದರೆ ಡೆಸ್ಕ್‌ಟಾಪೇ ಶ್ರೇಷ್ಠವೆಂದು ತೀರ್ಮಾನಿಸಬಹುದೆ? ಅವಸರಪಡಬಾರದು. ಲೆಕ್ಕವನ್ನು ಪೂರ್ತಿ ಹಾಕಬೇಕು. ಲ್ಯಾಪ್‌ಟಾಪಿನ ಬೆಲೆಯೊಳಗೆ ಪರದೆ, ಕೀಲಿಮಣೆ, ಧ್ವನಿವರ್ಧಕ, ಕ್ಯಾಮೆರಾ, ಬ್ಯಾಟರಿ ಎಲ್ಲವೂ ಅಡಗಿವೆ. ವಿಂಡೋಸಿನ ಪರವಾನಗಿಯೂ ಬಹಳಮಟ್ಟಿಗೆ ಸೇರಿರುವುದು. ಡೆಸ್ಕ್‌ಟಾಪಿನ ಬೆಲೆಯೆಂದು ಅಂಗಡಿಯವರು ಹೇಳುವುದು ಅನೇಕ ವೇಳೆ ಬರಿಯ ಪೆಟ್ಟಿಗೆಯ ಬೆಲೆ. ಮಾನಿಟರ್, ಕೀಲಿಮಣೆ, ಮೌಸ್, ವಿಂಡೋಸ್, ಇವುಗಳಿಗೆ ಬೇರೆಯಾಗಿ ತೆರಬೇಕು. ವಿದ್ಯುತ್ತು ಹೇಳದೆ ಹೋಗುವ ಊರುಗಳಲ್ಲಿ ಯು.ಪಿ.ಎಸ್. ಕೂಡ ಬೇಕು, ಇಲ್ಲದಿದ್ದರೆ ಅರ್ಧಕ್ಕೆ ನಿಂತುಹೋದ ಕೆಲಸದೊಡನೆ ಬರೆದಿಟ್ಟುದೂ ಕೆಡಬಹುದು. ಯು.ಪಿ.ಎಸ್. ಮೇಲೆ ಬರೆದ 600 ವಿ.ಎ. ಎಂಬುದನ್ನು 600 ವ್ಯಾಟ್ ಎಂದು ತಿಳಿಯಬಾರದು. ಅದು ಹಲವು ವೇಳೆ 360 ವ್ಯಾಟ್ ಮಾತ್ರವಾಗಿರುವುದು. ಇವೆಲ್ಲವನ್ನೂ ಕೂಡಿಸಿದರೆ, ಮೇಲುನೋಟಕ್ಕೆ ಕಂಡ ಡೆಸ್ಕ್‌ಟಾಪಿನ ಅಗ್ಗವು ಬಹಳಷ್ಟು ಕರಗಿಹೋಗುವುದು.

ವಿದ್ಯುತ್ತಿನ ಖರ್ಚೂ ಲೆಕ್ಕಕ್ಕೆ ಬರತಕ್ಕದ್ದೆ. ಆಟದ ಕಾಲದಲ್ಲಿ ಡೆಸ್ಕ್‌ಟಾಪು ಮಾನಿಟರಿನೊಡನೆ 350 ವ್ಯಾಟ್‌ಗಳನ್ನೂ ಲ್ಯಾಪ್‌ಟಾಪು 180 ವ್ಯಾಟ್‌ಗಳನ್ನೂ ಸೆಳೆಯುವುದೆಂದು ಇಟ್ಟುಕೊಳ್ಳೋಣ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಸುಮಾರು 15 ಯೂನಿಟ್‌ಗಳ ಅಂತರ ಬೀಳುವುದು. ಇದು ದೊಡ್ಡ ಮೊತ್ತವಲ್ಲ. ಆದರೆ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ 200 ಯೂನಿಟ್‌ಗಳ ಮೇರೆಯ ಅಂಚಿನಲ್ಲಿರುವ ಮನೆಗಳು ಇದನ್ನು ಮೊದಲೇ ಗಮನಿಸುವುದು ಒಳ್ಳೆಯದು.

ಇನ್ನು ಕ್ಷೇಮದ ವಿಚಾರ. ಇಲ್ಲಿ ಸ್ಥಾವರಕ್ಕೆ ಸರಿಸಾಟಿಯಿಲ್ಲ. ಡೆಸ್ಕ್‌ಟಾಪಿನ ಅಂಗಾಂಗಗಳೆಲ್ಲವೂ ಬೇರೆ ಬೇರೆ. ವಿದ್ಯುತ್ ಪೂರೈಕೆಯ ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಬಿಡಿಭಾಗಗಳೂ ಸಿಕ್ಕುವುವು, ಜೋಡಿಸಿಕೊಡುವವರೂ ಸಿಕ್ಕುವರು. ಈ ವರ್ಷ ಸಾಧಾರಣ ಯಂತ್ರವನ್ನು ಕೊಂಡು, ಕೈಯಲ್ಲಿ ಕಾಸಾದಾಗ ಉತ್ತಮಪಡಿಸಿಕೊಳ್ಳಲೂ ಬಹುದು. ಎಎಂಡಿ ಸಂಸ್ಥೆಯ ಎಎಂ4 ಎಂಬ ಜೋಡಣೆಯ ಪೀಠವು ಇದಕ್ಕೆ ನಿದರ್ಶನ: 2017ರಲ್ಲಿ ಆ ಪೀಠದ ಮದರ್‌ಬೋರ್ಡನ್ನು ಕೊಂಡ ಅನೇಕರು, ಐದು ವರ್ಷಗಳಾದ ಮೇಲೆ 2022ರಲ್ಲಿ ಬಂದ ಹೊಸ ಪ್ರೊಸೆಸರನ್ನು ಅದೇ ಬೋರ್ಡಿಗೆ ಹಾಕಿಕೊಳ್ಳಲು ಸಾಧ್ಯವಾಯಿತು. ಲ್ಯಾಪ್‌ಟಾಪಿನಲ್ಲಿ ಸ್ಮೃತಿಯನ್ನೂ ಸಂಗ್ರಹದ ಭಾಗವನ್ನೂ ಬಹುಮಟ್ಟಿಗೆ ಬದಲಿಸಬಹುದಾದರೂ ಗ್ರಾಫಿಕ್ಸ್ ಭಾಗವನ್ನು ಬೋರ್ಡಿಗೇ ಬೆಸೆದಿರುವರು. ಅದು ಕೆಟ್ಟರೆ ಸಾಮಾನ್ಯವಾಗಿ ಬೋರ್ಡನ್ನೇ ಬದಲಿಸಬೇಕು. ನಮ್ಮ ಬೀದಿಯ ಒಂದು ಮನೆಯವರಿಗೆ ಹೀಗಾದುದು ಮೂರನೆಯ ವರ್ಷದಲ್ಲಿ, ಖಾತರಿಯ ಅವಧಿ ಮುಗಿದ ಮೇಲೆ. ಕೊಂಡ ಬೆಲೆಯ ಅರ್ಧದಷ್ಟನ್ನು ದುರಸ್ತಿಗೆ ಕೇಳಿದರು. ಸಾಲದ ಕಂತು ತೀರಿತ್ತು, ಯಂತ್ರವೂ ತೀರಿತ್ತು.

ಆದರೆ ಅದೇ ಬೀದಿಯ ಮತ್ತೊಂದು ಮನೆಯ ಮಾತನ್ನೂ ಹೇಳಬೇಕು. ಅಲ್ಲಿಯವರು ಡೆಸ್ಕ್‌ಟಾಪಿನ ಗುಣಗಳನ್ನೆಲ್ಲ ಕೇಳಿ ತಿಳಿದು, ಭಾಗಭಾಗವನ್ನೂ ಆರಿಸಿ ಕೊಂಡರು. ಎರಡು ತಿಂಗಳಿಗೆ ಮಗಳಿಗೆ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಸ್ಥಳ ದೊರೆಯಿತು. ವಿದ್ಯಾರ್ಥಿನಿಲಯದಲ್ಲಿ ಒಂದೊಂದು ಕೋಣೆಗೆ ಮೂವರು. ಆ ಪೆಟ್ಟಿಗೆಯನ್ನಿಡಲು ಮೇಜಿಲ್ಲ. ಯಂತ್ರವು ಮನೆಯಲ್ಲಿ ಹೊದಿಕೆ ಹೊದ್ದು ಕುಳಿತಿತು. ಹುಡುಗಿಯು ಗೆಳತಿಯರ ಲ್ಯಾಪ್‌ಟಾಪನ್ನು ಬೇಡಿ ಪ್ರಯೋಗದ ಪಾಠಗಳನ್ನು ಬರೆದಳು. ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ಅದು ಇದ್ದ ಸ್ಥಳದಲ್ಲಿ ದೋಷವಿತ್ತು.

ಇದರಿಂದ ತಿಳಿಯತಕ್ಕದ್ದೇನೆಂದರೆ, ಯಾವುದು ಹೆಚ್ಚು ವೇಗದ್ದೆಂಬುದು ಎರಡನೆಯ ಪ್ರಶ್ನೆ. ಮುಂದಿನ ನಾಲ್ಕು ವರ್ಷ ಯಂತ್ರವು ಎಲ್ಲಿ ವಾಸಮಾಡುವುದು ಎಂಬುದು ಮೊದಲನೆಯದು. ಮಕ್ಕಳು ಮನೆಯಿಂದಲೇ ಕಾಲೇಜಿಗೆ ಹೋಗಿಬರುವವರಾದರೆ, ಒಂದು ಮೇಜೂ ಗಾಳಿಯಾಡುವ ಮೂಲೆಯೂ ಇದ್ದರೆ, ಡೆಸ್ಕ್‌ಟಾಪನ್ನೇ ತರಬೇಕು. ನೂರು ರೂಪಾಯಿಯಲ್ಲಿ ಮೂವತ್ತೈದು ನಲವತ್ತನ್ನು ಗ್ರಾಫಿಕ್ಸ್ ಕಾರ್ಡಿಗೆ ಮೀಸಲಿಡಬಹುದು. ಆದರೆ ವಿದ್ಯುತ್ ಪೂರೈಕೆಯ ಭಾಗದಲ್ಲಿ ಜಿಪುಣತನ ಮಾಡಬಾರದು. ಅಗ್ಗದ ಹೆಸರಿಲ್ಲದ ಭಾಗವು ಕೆಡುವಾಗ ತಾನೊಂದೇ ಕೆಡದೆ ನೆರೆಯವನ್ನೂ ಕೆಡಿಸಬಹುದು. ಹೊಸ್ತಿಲು ದಾಟಿ ಹೋಗುವ ಮಕ್ಕಳಾದರೆ ಲ್ಯಾಪ್‌ಟಾಪೇ ಸರಿ. ಆಗ ವ್ಯಾಟ್ ಕೇಳಿ, ಸ್ಮೃತಿಯನ್ನು ಹೆಚ್ಚಿಸಲು ಎಡೆಯುಂಟೇ ಎಂದು ವಿಚಾರಿಸಿ, ಖಾತರಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿಕೊಳ್ಳುವುದು ವಿವೇಕ. ಬ್ಯಾಟರಿಯ ಮೇಲೆಯೇ ಆಡಬಹುದೆಂಬ ಭ್ರಮೆ ಬೇಡ. ಪ್ರಯಾಣಿಕರು ವಿಶೇಷ ಅನುಮತಿಯಿಲ್ಲದೆ ವಿಮಾನದಲ್ಲಿ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ. ಲ್ಯಾಪ್‌ಟಾಪುಗಳ ಬ್ಯಾಟರಿಗಳು ಅದರೊಳಗೇ ಇರುವುವು. 180 ವ್ಯಾಟ್ ಸೆಳೆಯುವ ಆಟಕ್ಕೆ ಅದು ಎಷ್ಟು ಹೊತ್ತು ಬರುವುದೆಂದು ವಾಚಕರೇ ಭಾಗಿಸಿ ನೋಡಬಹುದು.

ಕಾಲೇಜು ಯಾವ ಊರೆಂದು ಇನ್ನೂ ನಿಶ್ಚಯವಾಗದಿದ್ದರೆ, ಸೀಟು ಹಂಚಿಕೆಯ ಪತ್ರವು ಕೈಸೇರುವವರೆಗೆ ಏನನ್ನೂ ಕೊಳ್ಳದಿರುವುದೇ ಲೇಸು. ಮಕ್ಕಳು ಮುನಿದಾರು, ಎರಡು ತಿಂಗಳ ಮುನಿಸು ನಾಲ್ಕು ವರ್ಷಗಳ ವ್ಯಥೆಗಿಂತ ಹಗುರ.