ಅಂಗೈಯಷ್ಟು ಜಾಗದಲ್ಲಿ ಒಂದು ಗೇರ್ ಬಾಕ್ಸ್

ಆಟಿಕೆ ಬಿಚ್ಚಿ ಹಾಕುವ ಮಕ್ಕಳ ಬಗ್ಗೆ ನಮ್ಮ ಉಮ್ಮಂದಿರ ದೂರು ಮುಗಿಯುವುದೇ ಇಲ್ಲ. ಗಲ್ಫಿನಿಂದ ಮಾವ ತಂದ ಕಾರು ಎರಡು ದಿನದಲ್ಲಿ ನಾಲ್ಕು ತುಂಡು! ಆದರೆ ಬಿಚ್ಚಿ ಜೋಡಿಸಲಿಕ್ಕೆಂದೇ ಮಾಡಿದ ಆಟಿಕೆಯೂ ಇದೆ. ಡೆನ್ಮಾರ್ಕಿನ ಒಬ್ಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡುತ್ತಾ ಶುರು ಮಾಡಿದ ಲೆಗೊ ಕಂಪನಿಯದು ಅದು. ಈಗಿನ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. 1977ರಿಂದ ಅದರಲ್ಲಿ ಹಲ್ಲಿನ ಚಕ್ರ, ಶಾಫ್ಟ್ ಇರುವ ಸೆಟ್‌ಗಳು ಬಂದವು. 1994ರ ಒಂದು ಕಾರಿನಲ್ಲಿ ನಾಲ್ಕು ಗೇರ್, ನಾಲ್ಕೂ ಚಕ್ರಕ್ಕೆ ಸ್ಟೇರಿಂಗ್ ಇತ್ತು. 2018ರ ಬುಗಾಟಿ ಮಾಡೆಲಿನಲ್ಲಿ ಎಂಟು ಗೇರ್, ಒಟ್ಟು 3599 ತುಂಡುಗಳು. ಬೆಲೆ ಕೇಳಬೇಡಿ, ಹತ್ತಾರು ಸಾವಿರ.

ಈ ವಿಷಯ ಬರೆಯಲು ಕಾರಣ ಕಮಲಾಪುರದ ನಮ್ಮ ಮದ್ರಸದ ಒಬ್ಬ ಹುಡುಗ. ಒಂಬತ್ತನೇ ಕ್ಲಾಸು. ತಂದೆ ಸಂಡೂರಿನ ಕಡೆ ಅದಿರಿನ ಲಾರಿ ಓಡಿಸ್ತಾರೆ. ಜಿದ್ದಾದಿಂದ ಚಿಕ್ಕಪ್ಪ ತಂದ ಒಂದು ಸೆಟ್, ಮತ್ತೆ ಹೊಸಪೇಟೆಯಲ್ಲಿ ಸಿಕ್ಕಿದ ಬಿಡಿ ತುಂಡುಗಳು, ಇಷ್ಟೇ ಅವನ ಬಂಡವಾಳ. ಅದರಲ್ಲಿ ಎರಡು ಗೇರಿನ ಕಾರು ಮಾಡಬೇಕೆಂದು ಹಟ.

ಗೇರ್ ಯಾಕೆ ಬೇಕು ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಶಿರಾಡಿ ಘಾಟಿ ಹತ್ತುವ ಲಾರಿ ನೋಡಿದವರಿಗೆ ಗೊತ್ತು: ಇಂಜಿನ್ ಜೋರಾಗಿ ತಿರುಗ್ತದೆ, ಚಕ್ರ ನಿಧಾನ, ಬಲ ಜಾಸ್ತಿ. ಸಣ್ಣ ಚಕ್ರ ದೊಡ್ಡ ಚಕ್ರವನ್ನು ತಿರುಗಿಸಿದರೆ ವೇಗ ಕಮ್ಮಿಯಾಗಿ ಬಲ ಬರ್ತದೆ. 8 ಹಲ್ಲಿನದು 24 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರರಲ್ಲೊಂದು, ಬಲ ಸುಮಾರು ಮೂರು ಪಟ್ಟು. ಇಲ್ಲಿ ತುಂಗಭದ್ರಾ ಡ್ಯಾಮಿನ 60 ಅಡಿ ಅಗಲ, 20 ಅಡಿ ಎತ್ತರದ ಗೇಟುಗಳನ್ನು ಎತ್ತುವುದಕ್ಕೂ ಇದೇ ಲೆಕ್ಕ. ವೇಗದ ಮೋಟಾರು, ಮಧ್ಯೆ ಗೇರು, ಕೊನೆಯಲ್ಲಿ ಸರಪಳಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಈ ಕಡೆಯ ರೈತರು ನಿದ್ದೆ ಮಾಡಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಯಂತ್ರ ತಿಳಿದವನ ಬೆಲೆ ಆ ವಾರ ಎಲ್ಲರಿಗೂ ಗೊತ್ತಾಯಿತು.

ಹುಡುಗನ ಕಾರಿಗೆ ಬರೋಣ. ಕಷ್ಟ ಇರುವುದು ಗೇರ್ ಕೂಡಿಸುವುದರಲ್ಲಲ್ಲ, ಸಣ್ಣ ಜಾಗದಲ್ಲಿ ಕೂಡಿಸುವುದರಲ್ಲಿ. ಲೆಗೊದಲ್ಲಿ ತೂತಿನಿಂದ ತೂತಿಗೆ 8 ಮಿಲಿಮೀಟರ್. ಶಾಫ್ಟನ್ನು ತೂತಿನಲ್ಲೇ ಇಡಬೇಕು, ನಡುವೆ ಎಲ್ಲೋ ಇಡಲಿಕ್ಕೆ ಆಗುವುದಿಲ್ಲ. ಅವನು ಮೊದಲು 8ಕ್ಕೆ 40 ಹಲ್ಲಿನ ದೊಡ್ಡ ಚಕ್ರ ಜೋಡಿಸಿದ. ಬಲ ಐದು ಪಟ್ಟು. ಆದರೆ ಆ ಜೋಡಿಗೆ ಮೂರು ತೂತಿನ ಅಂತರ ಬೇಕು, ಬೇರೆ ಜೋಡಿಗಳಿಗೆ ಎರಡೇ ಸಾಕು. ಹಾಗಾಗಿ ಇನ್ನೊಂದು ಶಾಫ್ಟ್, ಅದಕ್ಕೆ ಇನ್ನೊಂದು ಗೋಡೆ. ಪೆಟ್ಟಿಗೆ ಕಾರಿಗಿಂತ ದೊಡ್ಡದಾಯಿತು!

ಮತ್ತೆ ಒಂದು ದಿನ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ತಂದ. 16 ಮತ್ತು 16 ಕೂಡಿಸಿದರೆ 32. 20 ಮತ್ತು 12 ಕೂಡಿಸಿದರೂ 32. 24 ಮತ್ತು 8, ಅದೂ 32. ಒಟ್ಟು 32 ಆಗುವ ಯಾವ ಜೋಡಿಯಾದರೂ ಎರಡು ತೂತಿನ ಅಂತರದಲ್ಲಿ ಸರಿಯಾಗಿ ಕೂರುತ್ತದೆ. ಅಂದರೆ ಎರಡೇ ಸಾಲಿನಲ್ಲಿ ಮೂರು ಬಗೆಯ ಜೋಡಿ ಇಡಬಹುದು. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ.

ಮೋಟಾರಿನ ಸಾಲಿನಲ್ಲಿ 16 ಮತ್ತು 12 ಹಲ್ಲಿನ ಚಕ್ರಗಳನ್ನು ಗಟ್ಟಿಯಾಗಿ ಕೂರಿಸಿದ. ಎರಡನೇ ಸಾಲಿನಲ್ಲಿ 16 ಮತ್ತು 20 ಹಲ್ಲಿನವು. ಇವು ಶಾಫ್ಟಿನ ಮೇಲೆ ಸುಮ್ಮನೆ ತಿರುಗುವ ಜಾತಿಯವು. ಎರಡರ ನಡುವೆ ಶಾಫ್ಟಿನ ಜೊತೆ ತಿರುಗುವ ಒಂದು ಉಂಗುರ. ಉಂಗುರವನ್ನು ಯಾವ ಕಡೆ ಸರಿಸಿದರೆ ಆ ಚಕ್ರ ಶಾಫ್ಟಿಗೆ ಕಚ್ಚಿಕೊಳ್ಳುತ್ತದೆ, ನಡುವೆ ಬಿಟ್ಟರೆ ನ್ಯೂಟ್ರಲ್. ಒಂದೇ ಉಂಗುರವಾದ್ದರಿಂದ ಎರಡು ಗೇರು ಒಟ್ಟಿಗೆ ಬೀಳುವ ಭಯ ಇಲ್ಲ. ಬಿದ್ದರೆ ಪೆಟ್ಟಿಗೆ ಪೂರಾ ಜಾಮ್. ನಾಲ್ಕು ಗೇರಿಗೆ ಎರಡು ಉಂಗುರ ಬೇಕು, ಆಗ ಒಂದು ಕಚ್ಚಿದಾಗ ಇನ್ನೊಂದು ಬಿಟ್ಟಿರುವ ಹಾಗೆ ಲಿವರ್ ಮಾಡುವುದೇ ದೊಡ್ಡ ಕೆಲಸ.

ಬಲ ಇನ್ನೂ ಸಾಲಲಿಲ್ಲ. ಮೂರನೇ ಸಾಲು ಹಾಕಿದರೆ ಮತ್ತೆ ಪೆಟ್ಟಿಗೆ ದೊಡ್ಡದು. ಇಲ್ಲಿ ಅವನ ತಂದೆ ಬಂದರು. ಇಲ್ಲಿಯವರು ನಮ್ಮನ್ನು ಉಸ್ತಾದ್ ಅನ್ನುವುದಿಲ್ಲ, ಹಜ್ರತ್ ಅಂತಾರೆ. "ಹಜ್ರತ್, ಲಾರಿ ಗೇರ್ ಬಾಕ್ಸ್ ಬಿಚ್ಚಿದ್ದು ನೋಡೀನಿ ನಾನು. ಇಂಜಿನ್ ಕಡಿಂದ ಬರೋ ಶಾಫ್ಟು, ಹಿಂದಕ್ಕೆ ಹೋಗೋ ಶಾಫ್ಟು, ಎರಡೂ ಒಂದೇ ಗೆರೆಯಾಗೆ ಇರ್ತಾವ. ಆದ್ರ ಬೇರೆ ಬೇರೆ" ಅಂದರು. ಹುಡುಗ ಮೊದಲ ಸಾಲಿನ ಶಾಫ್ಟನ್ನು ಎರಡು ತುಂಡಾಗಿ ಇಟ್ಟ. ಮುಂದಿನ ತುಂಡು ಮೋಟಾರಿಗೆ. ಬಲ ಎರಡನೇ ಸಾಲಿಗೆ ಇಳಿದು, ಅಲ್ಲಿನ 8 ಹಲ್ಲಿನ ಚಕ್ರದಿಂದ ಹಿಂದಿನ ತುಂಡಿನ 24 ಹಲ್ಲಿನದಕ್ಕೆ ವಾಪಸ್ ಹತ್ತುತ್ತದೆ. ಈಗ ಒಂದು ಗೇರಿನಲ್ಲಿ ಬಲ ಮೂರು ಪಟ್ಟು, ಇನ್ನೊಂದರಲ್ಲಿ ಐದು ಪಟ್ಟು. 40 ಹಲ್ಲಿನ ಚಕ್ರ ಇಲ್ಲದೆಯೇ ಐದು ಪಟ್ಟು! ಪೆಟ್ಟಿಗೆ ಅಂಗೈಯಲ್ಲಿ ಕೂರ್ತದೆ.

ಸಣ್ಣ ಜಾಗದ ಗೇರ್ ನಮ್ಮ ಹಿಂದಿನವರಿಗೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ಅಲ್ ಬಿರೂನಿ, ಸೂರ್ಯ ಚಂದ್ರರ ಚಲನೆ ತೋರಿಸುವ ಎಂಟು ಚಕ್ರಗಳ ಒಂದು ಪೆಟ್ಟಿಗೆಯನ್ನು ವಿವರಿಸಿದ್ದಾರೆ. ಅದರಲ್ಲಿ 59 ಹಲ್ಲಿನ ಚಕ್ರ ಇದೆ. 59 ಯಾಕೆ? ಒಂದು ತಿಂಗಳು 29, ಒಂದು ತಿಂಗಳು 30. ಪ್ರತಿ ರಮಳಾನಿನಲ್ಲಿ ನಾವು ಚರ್ಚೆ ಮಾಡುವ ಲೆಕ್ಕವೇ ಅಲ್ಲಿ ಹಲ್ಲಾಗಿ ಕೂತಿದೆ. ಹಿಜರಿ 618ರಲ್ಲಿ ಇಸ್ಫಹಾನಿನ ಮುಹಮ್ಮದ್ ಬಿನ್ ಅಬೂಬಕರ್ ಮಾಡಿದ ಗೇರ್ ಇರುವ ಅಸ್ತರ್ಲಾಬ್ ಆಕ್ಸ್‌ಫರ್ಡಿನ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇದೆ. 1206ರಲ್ಲಿ ಅಲ್ ಜಝರಿ ಐವತ್ತು ಯಂತ್ರಗಳ ಕಿತಾಬು ಬರೆದು ಮುಗಿಸಿದರು, ಚಿತ್ರ ಅಳತೆ ಸಮೇತ.

ಆಟಿಕೆಯಲ್ಲಿ ಹೊತ್ತು ಕಳೆಯುವುದು ಸರಿಯಾ ಅಂತ ಕೇಳುವವರಿದ್ದಾರೆ. ನಮಾಝಿನ ಹೊತ್ತು ತಪ್ಪಿದರೆ ಸರಿಯಲ್ಲ, ಅದು ಕ್ರಿಕೆಟಿಗೂ ಮೊಬೈಲಿಗೂ ಒಂದೇ. ಆಯಿಶಾ ಬೀವಿ (ರ.ಅ) ಅವರ ಆಟಿಕೆಗಳ ನಡುವೆ ರೆಕ್ಕೆಯ ಕುದುರೆ ಕಂಡು ಪ್ರವಾದಿ (ಸ.ಅ) ನಕ್ಕ ವರದಿ ಅಬೂದಾವೂದಿನಲ್ಲಿದೆ. ಬೈದ ವರದಿ ಅಲ್ಲ.

ನನ್ನ ಚಿಂತೆ ಬೇರೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಹುಡುಗನನ್ನು ಚಿಕ್ಕಪ್ಪನ ಅಂಗಡಿಗೆ ಕಳಿಸುವ ಮಾತು ಮನೆಯಲ್ಲಿ ನಡೆದಿದೆ. ಮನೆಯ ಸಾಲ ನನಗೂ ಗೊತ್ತು, ತಪ್ಪು ಅನ್ನಲಾರೆ. ಕರಾವಳಿಯ ನಮ್ಮ ಎಷ್ಟೋ ಮನೆಗಳಲ್ಲೂ ಇದೇ ಕಥೆ. ಆದರೆ ಸರಕಾರದ ಜಿಟಿಟಿಸಿ, ಅಂದರೆ ಟೂಲ್ ರೂಂ ತರಬೇತಿ ಕೇಂದ್ರ, ಹೊಸಪೇಟೆಯಲ್ಲೂ ಇದೆ, ಮಂಗಳೂರಿನ ಬೈಕಂಪಾಡಿಯಲ್ಲೂ ಇದೆ. ಎಸ್ಸೆಸ್ಸೆಲ್ಸಿ ನಂತರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ: ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಆರನೇ ಕ್ಲಾಸಿನಿಂದಲೇ ಮಕ್ಕಳು ಹೋಗಬಹುದು. ಬೀಗ ಹಾಕಿದ್ದರೆ ತೆಗೆಸಿ ಅಂತ ಮೇಷ್ಟ್ರಿಗೆ ಹೇಳಿ. ಲೆಗೊ ಬೇಕೆಂದೇನೂ ಇಲ್ಲ. ಹಾಳಾದ ಡಿವಿಡಿ ಪ್ಲೇಯರ್ ಗುಜರಿಗೆ ಹಾಕುವ ಮೊದಲು ಬಿಚ್ಚಿ ನೋಡಲಿ, ಟ್ರೇ ಹೊರಗೆ ಬರುವ ಜಾಗದಲ್ಲಿ ಪುಟ್ಟ ಗೇರುಗಳಿವೆ.

ತಂದೆ ಇನ್ನೂ ಒಪ್ಪಿಲ್ಲ. "ನೋಡೋಣ ಹಜ್ರತ್, ಮಾರ್ಕ್ಸ್ ಬರಲಿ" ಅಂದಿದ್ದಾರೆ. ಈಗ ಹುಡುಗ ರಿವರ್ಸ್ ಗೇರಿಗೆ ಜಾಗ ಹುಡುಕ್ತಾ ಇದ್ದಾನೆ.