ಕಾಶಿ ಕಣಗಿಲೆಯಿಂದ ಕಿದ್ವಾಯಿಯವರೆಗೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಮುಂದೆ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಗಿಡವೊಂದಿದೆ. ಐದು ಎಸಳಿನ ಬಿಳಿ ಅಥವಾ ನಸುಗೆಂಪು ಹೂವು. ವರ್ಷವಿಡೀ ಹೂ ಬಿಡುವುದರಿಂದ ಸದಾಪುಷ್ಪ, ನಿತ್ಯಕಲ್ಯಾಣಿ ಎಂದೂ ಕರೆಯುವುದುಂಟು. ಬಹುಮಂದಿಗೆ ಅದು ಕಾಶಿ ಕಣಗಿಲೆ. ಪೂಜೆಗೆ ನಾಲ್ಕು ಹೂ ಕಿತ್ತುಕೊಳ್ಳುವುದನ್ನು ಬಿಟ್ಟರೆ ಅದರ ಕಡೆ ಯಾರೂ ಹೆಚ್ಚು ಗಮನ ಕೊಡುವುದಿಲ್ಲ. ದನಗಳೂ ಮೂಸಿ ನೋಡಿ ಮುಂದೆ ಹೋಗುತ್ತವೆ.

ಆದರೆ ಇದರ ಎಲೆಯಿಂದ ಬಂದ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಎಂಬ ಎರಡು ಔಷಧಗಳು ಜಗತ್ತಿನಾದ್ಯಂತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಾಗುತ್ತಿವೆ. ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳಿಗೆ ಕೊಡುವ ಮುಖ್ಯ ಔಷಧಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಲಾಲ್‌ಬಾಗಿನಿಂದ ಹೆಚ್ಚು ದೂರವೇನೂ ಇಲ್ಲ. ಅಂಗಳದ ಗಿಡಕ್ಕೂ ಆಸ್ಪತ್ರೆಯ ಸೀಸೆಗೂ ನಡುವೆ ಕೆಲವೇ ಮೈಲಿ. ಹಾಗಿದ್ದರೆ ಎಲೆಯನ್ನೇ ಅರೆದು ಕುಡಿದರಾಗದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಆ ಔಷಧ ಹುಟ್ಟಿದ ಕಥೆಯಲ್ಲೇ ಇದೆ.

ಸಕ್ಕರೆ ಕಾಯಿಲೆಗೆ ಬಂದ ಎಲೆ

ಹೆಸರಿನಲ್ಲಿ ಕಾಶಿ ಇದ್ದರೂ ಈ ಗಿಡದ ತವರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ಹಡಗುಗಳ ಜೊತೆ ಅದು ಬಿಸಿಲಿನ ನಾಡುಗಳಿಗೆಲ್ಲ ಹರಡಿತು. ಹೋದಲ್ಲೆಲ್ಲ ಜನ ಅದನ್ನು ಮದ್ದಾಗಿ ಬಳಸಿದರು. ನಮ್ಮಲ್ಲೂ, ಜಮೈಕದಲ್ಲೂ ಅದು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆ ಬೆಳೆಯಿತು.

1952ರಲ್ಲಿ ಜಮೈಕದಿಂದ ಕೆನಡಕ್ಕೆ ಈ ಎಲೆಗಳಿದ್ದ ಲಕೋಟೆಯೊಂದು ಬಂತು. ಅದು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಅವರ ಕೈ ಸೇರಿತು. ಎಲೆಯ ಸಾರವನ್ನು ಬಾಯಿಯ ಮೂಲಕ ಕೊಟ್ಟಾಗ ಪ್ರಾಣಿಗಳ ರಕ್ತದ ಸಕ್ಕರೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸೂಜಿಯ ಮೂಲಕ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಕಾರಣ ಹುಡುಕಿದರೆ, ಅವುಗಳ ರಕ್ತದಲ್ಲಿ ಬಿಳಿಯ ಕಣಗಳು ತೀರಾ ಕುಗ್ಗಿದ್ದವು. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವುದೇ ರಕ್ತದ ಕ್ಯಾನ್ಸರಿನ ಲಕ್ಷಣ. ಹಾಗಾದರೆ ಈ ವಿಷ ಅಲ್ಲಿ ಮದ್ದಾಗಬಹುದಲ್ಲವೆ? ನೋಬಲ್ ಮತ್ತು ರಸಾಯನವಿಜ್ಞಾನಿ ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಅನ್ನು ಬೇರ್ಪಡಿಸಿದ ಸುದ್ದಿ ಪ್ರಕಟಿಸಿದರು. ಅದೇ ಹೊತ್ತಿಗೆ ಅಮೆರಿಕದ ಎಲೈ ಲಿಲ್ಲಿ ಕಂಪನಿಯಲ್ಲಿ ಗೋರ್ಡನ್ ಸ್ವೊಬೋಡ ಅವರೂ ಈ ಗಿಡದ ಬೆನ್ನು ಹತ್ತಿದ್ದರು. 1961ರಲ್ಲಿ ವಿನ್‌ಬ್ಲಾಸ್ಟಿನ್, 1963ರಲ್ಲಿ ವಿನ್‌ಕ್ರಿಸ್ಟಿನ್ ಅಮೆರಿಕದಲ್ಲಿ ಅನುಮತಿ ಪಡೆದವು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಜನ ಈ ಎಲೆಯನ್ನು ಬಳಸುತ್ತಿದ್ದುದು ಒಂದು ಕಾಯಿಲೆಗೆ, ಅದು ಕೆಲಸಕ್ಕೆ ಬಂದದ್ದು ಇನ್ನೊಂದಕ್ಕೆ. ಎರಡನೆಯದಾಗಿ, ಗುಣ ಕಂಡದ್ದು ತಿನ್ನಿಸಿದಾಗ ಅಲ್ಲ, ಸಾರವನ್ನು ನೇರವಾಗಿ ಮೈಯೊಳಗೆ ಸೇರಿಸಿದಾಗ.

ಒಂದು ಚುಚ್ಚುಮದ್ದಿಗೆ ಒಂದು ಕಿಲೋ ಎಲೆ

ಈ ಎಲೆಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಆಲ್ಕಲಾಯ್ಡ್‌ಗಳಿವೆ. ಅವುಗಳ ನಡುವೆ ಬೇಕಾದ ಅಂಶ ಇರುವುದು ಅತ್ಯಲ್ಪ. ಒಂದು ಗ್ರಾಮ್ ಔಷಧಕ್ಕೆ ಸುಮಾರು 500 ಕಿಲೋ ಒಣಗಿದ ಎಲೆ ಬೇಕೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ವಯಸ್ಕರಿಗೆ ಒಂದು ಸಲಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಹೆಚ್ಚೆಂದರೆ 2 ಮಿಲಿಗ್ರಾಮ್, ಅಂದರೆ ಸುಮಾರು ಒಂದು ಕಿಲೋ ಒಣ ಎಲೆಯ ಸತ್ವ.

ಅದು ಕೆಲಸ ಮಾಡುವ ರೀತಿಯೂ ತಿಳಿದುಕೊಳ್ಳತಕ್ಕದ್ದು. ಒಂದು ಜೀವಕೋಶ ಎರಡಾಗುವಾಗ ಅದರೊಳಗೆ ನೂಲಿನಂಥ ಎಳೆಗಳು ಮೂಡಿ ವರ್ಣತಂತುಗಳನ್ನು ಇಬ್ಭಾಗ ಮಾಡುತ್ತವೆ. ವಿನ್‌ಕ್ರಿಸ್ಟಿನ್ ಆ ಎಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಬೇಗ ಬೇಗ ಒಡೆಯುವ ಕ್ಯಾನ್ಸರ್ ಕೋಶಗಳು ಮೊದಲು ಸಾಯುತ್ತವೆ. ಆದರೆ ನರಗಳಲ್ಲೂ ಅಂಥದೇ ಎಳೆಗಳಿವೆ. ಪ್ರಮಾಣ ಹೆಚ್ಚಾದರೆ ಕೈಕಾಲು ಜೋಮು ಹಿಡಿಯುತ್ತವೆ, ಬಲ ಕುಂದುತ್ತದೆ. ರಕ್ತನಾಳದಿಂದ ಆಚೆ ಸೋರಿದರೆ ಆ ಜಾಗದ ಮಾಂಸ ಸುಟ್ಟಂತಾಗುತ್ತದೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಹೀಗಿರುವಾಗ ದಿನವೂ ಎಷ್ಟೆಂದು ತಿಳಿಯದೆ ಎಲೆ ಅಗಿಯುವವರು ಮದ್ದನ್ನು ಪಡೆಯುವುದಿಲ್ಲ, ವಿಷವನ್ನಂತೂ ಪಡೆಯಬಹುದು.

ಮಲೆನಾಡಿನ ಕೊಡುಗೆ

ಕರ್ನಾಟಕದ ಕಾಡಿನಲ್ಲೇ ಇದಕ್ಕೆ ಇನ್ನೊಂದು ಉದಾಹರಣೆ ಇದೆ. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಚಿಕ್ಕ ಮರವೊಂದಕ್ಕೆ ಅದರ ಹೂವಿನ ನಾತದಿಂದಾಗಿ ದುರ್ವಾಸನೆ ಮರ ಎಂದೇ ಹೆಸರು. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್‌ಸುಖ್ ವಾಣಿ ಅವರು ಚೀನದ ಮರವೊಂದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವನ್ನು ಕಂಡುಹಿಡಿದಿದ್ದರು. ಅದೇ ಅಂಶ ನಮ್ಮ ದುರ್ವಾಸನೆ ಮರದಲ್ಲಿ ಯಥೇಚ್ಛವಾಗಿದೆ ಎಂದು 1972ರಲ್ಲಿ ತೋರಿಸಿದವರು ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್.

ಆದರೆ ಅದನ್ನು ಹಾಗೆಯೇ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶಕ್ಕೆ ತೀವ್ರ ಹಾನಿಯಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ಅದರ ರಚನೆಯನ್ನು ತುಸು ಬದಲಿಸಿ ತಯಾರಿಸಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಔಷಧಗಳು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1996ರಲ್ಲಿ, ಮೂಲ ಶೋಧದ 30 ವರ್ಷಗಳ ನಂತರ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಘಟ್ಟದ ಬೇರೆ ಬೇರೆ ಕಡೆಯ ಮರಗಳನ್ನು ಪರೀಕ್ಷಿಸಿದಾಗ, ಈ ಅಂಶ ಮರದಿಂದ ಮರಕ್ಕೆ ಬಹಳ ವ್ಯತ್ಯಾಸವಾಗುವುದು ಕಂಡುಬಂತು. ಒಂದು ಮರದ ತೊಗಟೆಯಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುತ್ತದೆಂದು ನಂಬುವಂತಿಲ್ಲ. ಕಷಾಯ ಕಾಯಿಸುವವರ ಕೈಯಲ್ಲಿ ಇದನ್ನು ಅಳೆಯುವ ಸಾಧನವಿಲ್ಲ.

ನಂಬಿಕೆಯ ಬೆಲೆ

ಆದರೂ ಜನ ಗಿಡಮೂಲಿಕೆಯ ಕಡೆಗೆ ಓಡುವುದೇಕೆ? ಸಾಗರ ತಾಲ್ಲೂಕಿನ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ನಾಟಿ ವೈದ್ಯ ನಾರಾಯಣಮೂರ್ತಿ ಅವರ ಮನೆಯ ಮುಂದೆ ದೇಶದ ನಾನಾ ಕಡೆಯ ಕ್ಯಾನ್ಸರ್ ರೋಗಿಗಳು ಸಾಲುಗಟ್ಟುತ್ತಿದ್ದರು. ಅಂಥವರನ್ನು ಮೂಢರೆಂದು ಜರೆಯುವುದು ಸುಲಭ. ಕಿಮೋಥೆರಪಿಯ ಭಯ, ಖರ್ಚಿನ ಹೊರೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಆಸ್ಪತ್ರೆ ಕೈಚೆಲ್ಲಿದಾಗಿನ ಅಸಹಾಯಕತೆ ಯಾರನ್ನಾದರೂ ಎಲ್ಲಿಗಾದರೂ ಕರೆದೊಯ್ಯುತ್ತದೆ. ಕಷ್ಟವಿರುವುದು, ಗುಣವಾಗಬಹುದಾದ ಹಂತದಲ್ಲಿರುವವರು ಆ ದಾರಿ ಹಿಡಿದಾಗ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇದರ ಲೆಕ್ಕ ಹಾಕಿದರು. ದೇಹದ ಬೇರೆಡೆಗೆ ಹರಡದ ಕ್ಯಾನ್ಸರ್ ಇದ್ದು, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನಷ್ಟೇ ನೆಚ್ಚಿಕೊಂಡವರು ಸಾಯುವ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರಿನಲ್ಲಿ ಅದು ಐದು ಪಟ್ಟಿಗೂ ಮೀರಿತ್ತು. ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾಯಿದೆ ನಿಷೇಧಿಸಿರುವುದೂ ಇಂಥ ನಷ್ಟವನ್ನು ತಡೆಯಲೆಂದೇ.

ಕ್ಯಾನ್ಸರಿಗೆ ರಾಮಬಾಣವೆಂದು ಹೆಸರು ಮಾಡಿದ ಲಕ್ಷ್ಮಣ ಫಲದ ಕಥೆಯೂ ಇಂಥದೇ. ಅದರ ಸಾರ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ನಿಜ. ಆದರೆ ಮನುಷ್ಯರಲ್ಲಿ ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಆಧಾರವಿಲ್ಲ. ಅದಕ್ಕೆ ಬದಲಾಗಿ, ಗ್ವಾಡೆಲೂಪ್ ದ್ವೀಪದಲ್ಲಿ ಆ ಹಣ್ಣು ಮತ್ತು ಎಲೆಯ ಕಷಾಯವನ್ನು ಹೆಚ್ಚಾಗಿ ಬಳಸುವವರಲ್ಲಿ ಪಾರ್ಕಿನ್‌ಸನ್ ರೋಗದಂಥ ನರದೌರ್ಬಲ್ಯ ಕಾಣುತ್ತಿದೆಯೆಂದು 1999ರಲ್ಲಿ ವೈದ್ಯರು ಎಚ್ಚರಿಸಿದರು.

ಆಸ್ಪತ್ರೆಯ ಚಿಕಿತ್ಸೆಯ ಜೊತೆಗೇ ಗುಟ್ಟಾಗಿ ಮೂಲಿಕೆ ತೆಗೆದುಕೊಳ್ಳುವವರೂ ಇದ್ದಾರೆ. ಇದರಿಂದ ತೊಂದರೆಯಿಲ್ಲ ಎನ್ನುವಂತಿಲ್ಲ. ಯೂರೋಪಿನಲ್ಲಿ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ, ಇರಿನೊಟೆಕಾನ್ ಪಡೆಯುವವರ ರಕ್ತದಲ್ಲಿ ಅದರ ಸಕ್ರಿಯ ರೂಪವನ್ನು ಶೇಕಡ 42ರಷ್ಟು ಇಳಿಸಿದ್ದು 2002ರಲ್ಲಿ ಬೆಳಕಿಗೆ ಬಂತು. ಒಂದು ಸಸ್ಯದಿಂದ ಬಂದ ಮದ್ದನ್ನು ಇನ್ನೊಂದು ಸಸ್ಯ ಕೆಡಿಸಿತು. ಆದ್ದರಿಂದ ಗ್ರಂಥಿಗೆ ಅಂಗಡಿಯಿಂದ ತಂದದ್ದೇ ಇರಲಿ, ನೆಂಟರು ಕೊಟ್ಟದ್ದೇ ಇರಲಿ, ರೋಗಿ ಏನು ಸೇವಿಸುತ್ತಿದ್ದಾರೆಂಬುದನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು. ವೈದ್ಯರೂ ಗದರದೆ ಕೇಳಿಸಿಕೊಳ್ಳಬೇಕು.

ಗಿಡಗಳಲ್ಲಿ ಮದ್ದಿದೆ ಎಂದ ಹಿರಿಯರ ಮಾತು ಸುಳ್ಳಲ್ಲ. ಮುಂದೆಯೂ ಯಾವುದೋ ಬೇಲಿಯ ಗಿಡದಿಂದ ಹೊಸ ಔಷಧ ಬರಬಹುದು. ಆದರೆ ಗಿಡ ತೋರಿಸುವುದು ದಾರಿಯನ್ನು ಮಾತ್ರ. ಆ ದಾರಿಯನ್ನು ಸವೆಸಲು ವಿಜ್ಞಾನಕ್ಕೆ ಹತ್ತಾರು ವರ್ಷ ಬೇಕಾಗುತ್ತದೆ. ಕ್ಯಾನ್ಸರ್ ರೋಗಿಯ ಬಳಿ ಅಷ್ಟು ಸಮಯವಿರುವುದಿಲ್ಲ. ದಾರಿ ಈಗಾಗಲೇ ಸವೆದಿರುವ ಕಡೆಗೆ, ಬೇಗ ಹೋಗುವುದೇ ಅವರಿಗೆ ಕ್ಷೇಮ.