ಶೇಷ ಮರೆತ ಲೆಕ್ಕ

ಅಜ್ಜಿಯ ಪಿಂಚಣಿ ಅರ್ಜಿ ತುಂಬಿಕೊಡುವುದು ಚಿಕ್ಕಂದಿನಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಹೆಸರಿಗೆಂದು ಸಾಲಾಗಿ ಚೌಕಗಳಿರುತ್ತಿದ್ದವು, ಚೌಕಕ್ಕೊಂದು ಅಕ್ಷರ. ಊರಿನ ಹೆಸರು, ಅಜ್ಜನ ಹೆಸರು ಎಲ್ಲ ಸೇರಿದ ಅಜ್ಜಿಯ ಹೆಸರು ಆ ಸಾಲಿನಲ್ಲಿ ಹಿಡಿಸುತ್ತಿರಲಿಲ್ಲ. ಕೊನೆಯ ಎರಡು ಮೂರು ಅಕ್ಷರ ಕೆಳಗೆ ಇಳಿದು ಹುಟ್ಟಿದ ದಿನಾಂಕದ ಚೌಕಗಳಲ್ಲಿ ಕೂತುಬಿಡುತ್ತಿದ್ದವು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ನೋಡಿ, ಆ ಅಕ್ಷರಗಳಿಗೆ ಸುತ್ತು ಹಾಕಿ, ಅವು ಮೇಲಿನ ಹೆಸರಿಗೆ ಸೇರಿದವು ಎಂದು ಬಾಣದ ಗುರುತು ಎಳೆಯುತ್ತಿದ್ದರು.

ಕಂಪ್ಯೂಟರಿನ ಮೆಮೊರಿಯಲ್ಲಿ ಇರುವುದೂ ಇಂಥ ಚೌಕಗಳೇ. ಒಂದು ಚೌಕಕ್ಕೆ ಒಂದು ಬೈಟ್. ಹೊರಗಿನಿಂದ ಬಂದದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ಪ್ರೋಗ್ರಾಮ್ ಒಂದಿಷ್ಟು ಚೌಕಗಳನ್ನು ಕಾದಿರಿಸುತ್ತದೆ. ಅದಕ್ಕೆ ಬಫರ್ ಎಂದು ಹೆಸರು. ಬಂದದ್ದು ಆ ಜಾಗಕ್ಕಿಂತ ಉದ್ದವಾಗಿ, ಪಕ್ಕದ ಚೌಕಗಳ ಮೇಲೂ ಬರೆದುಕೊಂಡು ಹೋದರೆ ಅದೇ ಬಫರ್ ಓವರ್‌ಫ್ಲೋ. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ, ಸಾಲು ಮುಗಿಯಿತು ಎಂದು ಕೈ ಹಿಡಿಯುವ ಗುಮಾಸ್ತರು ಇಲ್ಲ. ಎಣಿಸುವ ಹೊಣೆ ಪೂರ್ತಿ ಪ್ರೋಗ್ರಾಮ್ ಬರೆಯುವವರದ್ದು. ಇಮೇಲ್ ಸಾಗಿಸುವ ಹೆಸರಾಂತ ತಂತ್ರಾಂಶಗಳಾದ ಸೆಂಡ್‌ಮೇಲ್, ಎಕ್ಸಿಮ್, ಪೋಸ್ಟ್‌ಫಿಕ್ಸ್ ಮೂರನ್ನೂ ಬರೆದಿರುವುದು ಇದೇ ಸಿ ಭಾಷೆಯಲ್ಲಿ.

ಪಕ್ಕದ ಚೌಕಗಳಲ್ಲಿ ಏನಿತ್ತು ಎಂಬುದರ ಮೇಲೆ ಮುಂದಿನ ಅನಾಹುತ ನಿಂತಿದೆ. ಪ್ರೋಗ್ರಾಮ್ ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೋಗುವಾಗ, ಮರಳಿ ಎಲ್ಲಿಗೆ ಬರಬೇಕು ಎಂಬ ವಿಳಾಸವನ್ನು ಮೆಮೊರಿಯಲ್ಲೇ ಬರೆದಿಟ್ಟು ಹೋಗುತ್ತದೆ. ಎಷ್ಟೋ ಸಲ ಆ ವಿಳಾಸ ಇರುವುದು ಬಫರಿನ ಹತ್ತಿರದಲ್ಲೇ. ಉಕ್ಕಿದ ಅಕ್ಷರಗಳು ಅದನ್ನು ಅಳಿಸಿ ಬೇರೊಂದು ವಿಳಾಸ ಬರೆದರೆ ಯಂತ್ರ ಚಕಾರ ಎತ್ತದೆ ಅಲ್ಲಿಗೇ ಹೋಗುತ್ತದೆ. ಹೊರಗಿನವನು ಕಳಿಸಿದ ಬರಹ ಯಂತ್ರಕ್ಕೆ ಆಜ್ಞೆಯಾಗುವುದು ಆ ಗಳಿಗೆಯಲ್ಲಿ.

1988ರ ನವೆಂಬರ್ 2ರಂದು ಜಗತ್ತು ಇದನ್ನು ಕಣ್ಣಾರೆ ಕಂಡಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಬಿಟ್ಟ ಒಂದು ಪ್ರೋಗ್ರಾಮ್ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡಿತು. ಅದು ಹಿಡಿದ ದಾರಿಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಬಳಕೆದಾರರ ವಿವರ ಹೇಳುವ ಫಿಂಗರ್ ಎಂಬ ಸೇವೆಯಲ್ಲಿ 512 ಬೈಟಿನ ಬಫರ್ ಇತ್ತು. ಮಾರಿಸ್‌ನ ಪ್ರೋಗ್ರಾಮ್ ಅದಕ್ಕೆ 536 ಬೈಟ್ ಸುರಿಯಿತು. ಇನ್ನೊಂದು ಸೆಂಡ್‌ಮೇಲ್: ಅದರಲ್ಲಿ ಉಕ್ಕಿದ್ದೇನೂ ಇಲ್ಲ, ಪರೀಕ್ಷೆಗೆಂದು ಇಟ್ಟ ಹಿಂಬಾಗಿಲೊಂದನ್ನು ಮುಚ್ಚದೆ ಬಿಟ್ಟಿದ್ದರು. ಫಿಂಗರ್ ಸೇವೆ ಬಳಸಿದ, ಉದ್ದವನ್ನೇ ಕೇಳದೆ ಓದಿಕೊಳ್ಳುವ 'ಗೆಟ್ಸ್' ಎಂಬ ಆಜ್ಞೆಯನ್ನು ಸಿ ಭಾಷೆಯ ಮಾನಕದಿಂದ ತೆಗೆದುಹಾಕಲು 2011ರವರೆಗೆ ಕಾಯಬೇಕಾಯಿತು. ಇಪ್ಪತ್ಮೂರು ವರ್ಷ! ಗೊತ್ತಿದ್ದ ಅಪಾಯವನ್ನು ಅಷ್ಟು ಕಾಲ ಮನೆಯೊಳಗೆ ಇಟ್ಟುಕೊಂಡದ್ದು ಇವತ್ತಿಗೂ ನನಗೆ ಸಂಕಟದ ವಿಷಯ.

ಇಮೇಲ್ ಸರ್ವರಿಗೆ ಈ ಕಾಟ ಹೆಚ್ಚಲು ಅದರ ಕೆಲಸವೇ ಕಾರಣ. ಬ್ಯಾಂಕಿನ ಸರ್ವರ್ ಅಪರಿಚಿತರನ್ನು ಹೊಸ್ತಿಲಲ್ಲೇ ತಡೆಯಬಹುದು. ಅಂಚೆಯ ಸರ್ವರ್ ಹಾಗೆ ಮಾಡುವಂತಿಲ್ಲ. ಯಾರೋ ಎಲ್ಲಿಂದಲೋ ಬಂದು 'ನಿಮ್ಮಲ್ಲಿರುವ ಇಂಥವರಿಗೆ ಕಾಗದವಿದೆ' ಎಂದರೆ ಕಿವಿಗೊಡಲೇಬೇಕು, ವಿಳಾಸ ಓದಲೇಬೇಕು, ಅಕ್ಷರ ಬಿಡಿಸಲೇಬೇಕು.

ಈ ಅಕ್ಷರ ಬಿಡಿಸುವ ಜಾಗದಲ್ಲಿ ನಮ್ಮ ಕನ್ನಡವೂ ಬರುತ್ತದೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಇಮೇಲ್ ಸಾಗಣೆಯ ನಿಯಮಗಳು ಇಂಗ್ಲಿಷಿನ ಸರಳ ಅಕ್ಷರಗಳಿಗಷ್ಟೇ ಒಪ್ಪುವಂಥವು. ಉಳಿದ ಲಿಪಿಗಳನ್ನೂ ಚಿತ್ರಗಳನ್ನೂ ಆ ಕಿರಿದಾದ ದಾರಿಯಲ್ಲಿ ಸಾಗಿಸಲು ಬೇಸ್-64 ಎಂಬ ಕಟ್ಟು ಬಳಕೆಗೆ ಬಂತು: ಮೂರು ಬೈಟನ್ನು ನಾಲ್ಕು ಸರಳ ಚಿಹ್ನೆಗಳಾಗಿ ಬರೆಯುವುದು. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದು ಮೂಲಾಕ್ಷರಕ್ಕೆ ಸರಿಯಾಗಿ ಮೂರು ಬೈಟ್ ಬೇಕು. ಹಾಗಾಗಿ 'ನ' ಎಂಬುದು ಬೇಸ್-64ರಲ್ಲಿ ನಾಲ್ಕು ಚಿಹ್ನೆಯಾಗುತ್ತದೆ: ಅಂಕಿ 4, ಎಲ್, ಕೆ, ಸಣ್ಣ ಓ. 'ಮ' ಆದರೆ 4, ಎಲ್, ಕೆ, ಸಣ್ಣ ಯು. ಅ ಇಂದ ಹ ತನಕ ನಮ್ಮ ಸ್ವರ ವ್ಯಂಜನಗಳ ಮೊದಲ ಮೂರು ಚಿಹ್ನೆ ಇವೇ. ಬದಲಾಗುವುದು ಕೊನೆಯದು ಮಾತ್ರ. ಬೇಸ್-64ರಲ್ಲಿ ಕಟ್ಟಿದ ಕನ್ನಡ ಪತ್ರದ ಮೊದಲ ಪದವನ್ನು ಬಿಚ್ಚದೆ ನೋಡಿದರೆ ಈ ಮೂರೂ ತೋರಣದ ಎಲೆಗಳ ಹಾಗೆ ಮತ್ತೆ ಮತ್ತೆ ಕಾಣುತ್ತವೆ. ಮೊದಲ ಸಲ ಕಂಡಾಗ ನಾನು ಬೆರಗಾಗಿದ್ದೆ.

'ನಮನ' ಎಂದು ಬರೆಯೋಣ. 9 ಬೈಟ್, ಕಟ್ಟಿದರೆ 12 ಚಿಹ್ನೆ. ಬಿಚ್ಚುವ ಸರ್ವರ್ ಹೀಗೆ ಲೆಕ್ಕ ಹಾಕುತ್ತದೆ: 12ನ್ನು 4ರಿಂದ ಭಾಗಿಸಿದರೆ 3, ಅದನ್ನು 3ರಿಂದ ಗುಣಿಸಿದರೆ 9, ಇಲ್ಲಿಗೆ ಮುಗಿಯಿತು ಎಂಬ ಗುರುತಿಗೆ ಇನ್ನೊಂದು, ಒಟ್ಟು 10 ಚೌಕ. ಸರಿಯಾಗಿದೆ. ಈಗ ಯಾರೋ ಬೇಕೆಂದೇ ಕೊನೆಯ ಒಂದು ಚಿಹ್ನೆ ಕಿತ್ತು 11 ಮಾತ್ರ ಕಳಿಸುತ್ತಾರೆ. 11ನ್ನು 4ರಿಂದ ಭಾಗಿಸಿದರೆ 2, ಶೇಷ 3. ಪೂರ್ಣಾಂಕಗಳ ಭಾಗಾಕಾರದಲ್ಲಿ ಸಿ ಭಾಷೆ ಶೇಷವನ್ನು ಕೈಬಿಡುತ್ತದೆ. 2 ಮೂರಲ 6, ಗುರುತಿಗೆ 1, ಒಟ್ಟು 7 ಚೌಕ. ಆದರೆ ಬಿಚ್ಚುವಾಗ ಆ ಉಳಿದ ಮೂರು ಚಿಹ್ನೆಗಳಿಂದಲೂ 2 ಬೈಟ್ ಹೊರಡುತ್ತವೆ. 7 ಚೌಕದಲ್ಲಿ 8 ಬೈಟ್.

ಎಕ್ಸಿಮ್ ತಂತ್ರಾಂಶದಲ್ಲಿ ಇದ್ದದ್ದು ಇದೇ ತಪ್ಪು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಜಲ್ 1995ರಲ್ಲಿ ಬರೆಯಲು ತೊಡಗಿದ ಎಕ್ಸಿಮ್ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮೇಲ್ ಸರ್ವರ್‌ಗಳಲ್ಲೊಂದು. ತೈವಾನಿನ ಡೆವ್‌ಕೋರ್ ಸಂಸ್ಥೆಯ ಮೆಹ್ ಚಾಂಗ್ 2018ರ ಫೆಬ್ರುವರಿಯಲ್ಲಿ ತಪ್ಪನ್ನು ಪತ್ತೆಹಚ್ಚಿ ತಿಳಿಸಿದರು. ಕನಿಷ್ಠ 4 ಲಕ್ಷ ಸರ್ವರ್‌ಗಳು ಅಪಾಯದಲ್ಲಿವೆ ಎಂದು ಆ ಸಂಸ್ಥೆ ಅಂದಾಜಿಸಿತು. ಲಾಗಿನ್ ಆಗುವ ಹಂತದಲ್ಲಿ ಬಂದವರು ಕೊಡುವ ಉತ್ತರವೂ ಬೇಸ್-64ರಲ್ಲೇ ಇರುತ್ತದೆ. ಹಾಗಾಗಿ 'ನೀನು ಯಾರು' ಎಂದು ಸರ್ವರ್ ಕೇಳುವ ಹೊತ್ತಿನಲ್ಲೇ, ಪಾಸ್‌ವರ್ಡ್ ಗೊತ್ತಿಲ್ಲದವನೂ ಆ ಒಂದು ಬೈಟನ್ನು ಉಕ್ಕಿಸಬಹುದಿತ್ತು.

ಒಂದು ಬೈಟಿನಿಂದ ಏನು ಮಾಡಲಾದೀತು? ಬಹಳ ಸಲ ಏನೂ ಆಗುವುದಿಲ್ಲ, ಅದು ಖಾಲಿ ಜಾಗದಲ್ಲಿ ಬೀಳುತ್ತದೆ. ಆದರೆ ಉದ್ದವನ್ನು ಆರಿಸಿ ಕಳಿಸಿದರೆ ಕಥೆ ಬೇರೆ. ಇಲ್ಲಿನ ಬಫರ್ ಇರುವುದು ಹೀಪ್ ಎಂಬ ಪ್ರದೇಶದಲ್ಲಿ. ಅಲ್ಲಿ ಮೆಮೊರಿಯನ್ನು ತುಂಡು ತುಂಡಾಗಿ ಹಂಚುತ್ತಾರೆ, ಪ್ರತಿ ತುಂಡಿನ ತಲೆಯಲ್ಲಿ ಅದರ ಅಳತೆ ಬರೆದಿರುತ್ತದೆ. ಹೊಲದ ಪಹಣಿಯ ಹಾಗೆ. ಉಕ್ಕಿದ ಬೈಟ್ ಪಕ್ಕದ ತುಂಡಿನ ಅಳತೆಯ ಅಂಕಿಯನ್ನು ತಿದ್ದುತ್ತದೆ. ಪಹಣಿಯಲ್ಲಿ ಎರಡು ಎಕರೆ ಮೂರಾದರೆ ಪಕ್ಕದವರ ಹೊಲವೂ ಸೇರಿಹೋದಂತೆ, ಆ ತುಂಡು ಈಗ ಮುಂದಿನದನ್ನೂ ತನ್ನದೆಂದು ಹೇಳುತ್ತದೆ. ಸರ್ವರ್ ಅದನ್ನೇ ನಂಬಿ, ಮತ್ತೆ ಹಂಚುವಾಗ ದಾಳಿಕೋರನ ಬರಹಕ್ಕೆ ಅಷ್ಟೂ ಜಾಗ ಕೊಡುತ್ತದೆ. ಯಾರ ಪತ್ರ ಸ್ವೀಕರಿಸಬೇಕು, ಯಾರದು ಬೇಡ ಎಂಬ ಎಕ್ಸಿಮ್‌ನ ಸ್ವಂತ ನಿಯಮಗಳಿದ್ದ ಜಾಗದ ಮೇಲೆ ಹೀಗೆ ಬರೆದುಬಿಡಲು ಸಾಧ್ಯವಾಯಿತು. ಆ ನಿಯಮಗಳಲ್ಲಿ 'ಈ ಪ್ರೋಗ್ರಾಮ್ ಓಡಿಸು' ಎನ್ನುವುದಕ್ಕೂ ಅವಕಾಶವಿದೆ. ಮುಂದಿನ ಪತ್ರ ಬಂದಾಗ ಸರ್ವರ್ ನಿಯಮ ಓದಿತು, ಅದರಂತೆ ನಡೆಯಿತು.

ಇದಕ್ಕೂ ಹದಿನೈದು ವರ್ಷ ಮೊದಲು, 2003ರ ಮಾರ್ಚ್‌ನಲ್ಲಿ ಬಯಲಾದ ಸೆಂಡ್‌ಮೇಲ್ ದೋಷ ಇನ್ನೊಂದು ಬಗೆಯದು. ಮಾರ್ಕ್ ಡೌಡ್ ಅದನ್ನು ಕಂಡುಹಿಡಿದಿದ್ದರು. ವಿಳಾಸದ ಸುತ್ತ ಬರುವ ಕೋನಾಕಾರದ ಕಂಸಗಳು ತೆರೆದು ಮುಚ್ಚಿದಾಗ ಉಳಿದ ಜಾಗದ ಲೆಕ್ಕ ಇಡುವುದರಲ್ಲಿ ಅಲ್ಲಿ ತಪ್ಪಿತ್ತು. ವಿಷ ಇದ್ದದ್ದು ಪತ್ರದ ತಲೆಬರಹದಲ್ಲೇ. ಆದ್ದರಿಂದ ದೋಷವಿಲ್ಲದ ಸರ್ವರ್ ಅದನ್ನು ಏನೂ ಆಗದೆ ಮುಂದೆ ಕಳಿಸುತ್ತಿತ್ತು, ಒಳಗೆಲ್ಲೋ ಭದ್ರವಾಗಿದೆ ಎಂದುಕೊಂಡ ಹಳೆಯ ಸರ್ವರನ್ನು ಅದು ತಲುಪಬಹುದಿತ್ತು.

ಕಾವಲುಗಳು ಬಂದಿವೆ. 1998ರ ಸ್ಟ್ಯಾಕ್‌ಗಾರ್ಡ್, ಮರಳುವ ವಿಳಾಸದ ಮುಂದೆ ಒಂದು ಗುಟ್ಟಿನ ಸಂಖ್ಯೆ ಇಟ್ಟು, ಅದು ಕೆಟ್ಟಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸುವ ಉಪಾಯ ತಂದಿತು. ಗಣಿಯ ವಿಷಗಾಳಿಯನ್ನು ಮೊದಲು ತಿಳಿಸುತ್ತಿದ್ದ ಹಕ್ಕಿಯ ನೆನಪಿಗೆ ಆ ಸಂಖ್ಯೆಯನ್ನು ಕ್ಯಾನರಿ ಎನ್ನುತ್ತಾರೆ. ಆದರೆ ಎಕ್ಸಿಮ್‌ನ ಬೈಟ್ ಬಿದ್ದದ್ದು ಹೀಪಿನಲ್ಲಿ, ಆ ಹಕ್ಕಿ ಕೂರದ ಕೊಂಬೆಯಲ್ಲಿ. ನನಗೆ ಹೆಚ್ಚು ಭರವಸೆ ಕೊಡುವುದು ವೀಟ್ಸ ವೆನೆಮಾ ಐಬಿಎಂನಲ್ಲಿದ್ದಾಗ ಬರೆದ ಪೋಸ್ಟ್‌ಫಿಕ್ಸ್‌ನ ದಾರಿ. ಅದು ಅಂಚೆಯ ಕೆಲಸವನ್ನು ಹಲವು ಸಣ್ಣ ಪ್ರೋಗ್ರಾಮ್‌ಗಳಿಗೆ ಹಂಚಿ, ಅಪರಿಚಿತರ ಜೊತೆ ಮಾತಾಡುವ ಪ್ರೋಗ್ರಾಮಿನ ಕೈಗೆ ಅತಿ ಕಡಿಮೆ ಅಧಿಕಾರ ಕೊಟ್ಟಿತು. ಕಿಟಕಿಯಲ್ಲಿ ಕೂತವರ ಹತ್ತಿರ ತಿಜೋರಿಯ ಬೀಗದ ಕೈ ಇಲ್ಲ.

ಎಕ್ಸಿಮ್ ತಂಡ 2018ರ ಅದೇ ಫೆಬ್ರುವರಿಯಲ್ಲಿ 4.90.1 ಆವೃತ್ತಿ ಹೊರತಂದಿತು. ತಿದ್ದುಪಡಿಯ ತಿರುಳು ಒಂದು ಸಾಲಿನದು: ಕೈಬಿಟ್ಟಿದ್ದ ಶೇಷವನ್ನೂ ಕೂಡಿಸುವುದು. ಗುರುತಿಗೆ 1, ಭಾಗಲಬ್ಧದಿಂದ 6, ಶೇಷ 3. ಕೊನೆ ಮುರಿದ 'ನಮನ'ದ 8 ಬೈಟಿಗೆ ಈಗ 10 ಚೌಕ.